ಅಂಜಿಕೆಯನ್ನೂ ಹೇಳು ಎಂದ ಆಯಿ

ಆಯಿಯ ಎರಡೂ ಮೊಣಕಾಲುಗಳ ಮೇಲೆ ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು. ಇಳಕಲ್ಲಿನ ನಮ್ಮ ಪುಟ್ಟ ಕ್ರೈಸ್ತ ಸಭೆಯ ಹೆಂಗಸರೆಲ್ಲ ಅದನ್ನು ಪ್ರಾರ್ಥನೆಯ ಗುರುತೆಂದೇ ನಂಬಿದ್ದೆವು. ಕೇಳಿದರೆ ಆಕೆ ನಗುತ್ತಿದ್ದಳು. "ಎಲ್ಲೀ ಪ್ರಾರ್ಥನಿ ತಂಗಿ, ದವಾಖಾನಿ ನೆಲಾ ಒರಸಿ ಒರಸಿ ಆಗಿದ್ದದು!"

ಹೇಳದೆ ಬಿಡುತ್ತಿದ್ದ ಮಾತೆಂದರೆ, ಒರೆಸುತ್ತ ಒಂದೊಂದು ಮಂಚದ ಹತ್ತಿರ ಬಂದಾಗಲೂ ಅಲ್ಲಿ ಮಲಗಿದವರಿಗಾಗಿ ಬೇಡಿಕೊಳ್ಳುತ್ತಿದ್ದಳು ಎಂಬುದು. ರಕ್ತಸಂಬಂಧವೇನೂ ಇರಲಿಲ್ಲ, ಸಭೆಗೆಲ್ಲ ಆಕೆ ಆಯಿ.

ಬೇವೂರಿನಿಂದ ಸೊಸೆಯಾಗಿ ಬಂದ ನಾನು ಹುಟ್ಟು ಪುಕ್ಕಲಿ. ಬುಧವಾರದ ಮನೆಪ್ರಾರ್ಥನೆಯಲ್ಲಿ ಹೆಂಗಸರು ಸರತಿಯಂತೆ ಬಾಯಿಬಿಟ್ಟು ಪ್ರಾರ್ಥಿಸಬೇಕಿತ್ತು. ನನ್ನ ಸರತಿಯ ವಾರ ಅನ್ನವೇ ಸೇರುತ್ತಿರಲಿಲ್ಲ. ಅದಕ್ಕೇ ಪಾಸ್ಟರು ಮಾಡುವ ಪ್ರಾರ್ಥನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆ. ಒಮ್ಮೆ, ಗಂಡನಿಗೆ ಬಾಗಲಕೋಟೆಯಲ್ಲಿ ಹೃದಯದ ಆಪರೇಷನ್ ಆಗಬೇಕಿದ್ದ ಒಬ್ಬಾಕೆಯ ಮನೆಯಲ್ಲಿ ಕೂಡಿದ್ದೆವು. ಆಕೆ ಬಿಕ್ಕುತ್ತಿದ್ದಳು. ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು ಸುಗ್ಗಿ ಹಬ್ಬದ ಪ್ರಾರ್ಥನೆ! "ಈ ಮನೆಯ ಕಣಜ ತುಂಬಿಸಿದ ಕರ್ತನೇ, ನಿನಗೆ ಸ್ತೋತ್ರ" ಎಂದುಬಿಟ್ಟೆ. ಯಾರೋ ಕೆಮ್ಮಿದರು. ನಿಲ್ಲಿಸುವುದು ಹೇಗೆಂದು ತಿಳಿಯದೆ ಜೋಳ, ಕಡಲೆಯವರೆಗೂ ಹೋದೆ. ಕೊನೆಗೆ ಆಯಿಯೇ ಗಟ್ಟಿಯಾಗಿ "ಆಮೆನ್" ಅಂದು ನನ್ನನ್ನು ಉಳಿಸಿದಳು.

ಆಯಿಯ ಜೊತೆ ಮನೆಗೆ ಹೋಗುವ ದಾರಿಯಲ್ಲಿ ಅತ್ತುಬಿಟ್ಟೆ.

"ಆಯೀ, ಇನ್ನ ಮುಂದ ನಾ ಬರೂದಿಲ್ರಿ."

"ಅಂಜಿಕಿ ಬಂತೇನು?"

"ಭಾಳ ಬಂತ್ರಿ."

"ಮತ್ತ ಅದನ್ನ ಯಾಕ ಹೇಳಲಿಲ್ಲ? ಆಕಿಗೂ ಅಂಜಿಕಿ, ನಿನಗೂ ಅಂಜಿಕಿ. ಅಷ್ಟ ಹೇಳಿದ್ರ ಸಾಕಿತ್ತು. ದೇವರ ಮುಂದ ಖರೆ ಹೇಳವ್ವಾ, ಚಂದ ಹೇಳಬ್ಯಾಡ."

ಅಂದಿನಿಂದ ದಿನಾ ಬೆಳಿಗ್ಗೆ ಆಯಿಯ ಪಕ್ಕದಲ್ಲಿ ಕೂತು ಒಂದೊಂದೇ ಖರೆ ಮಾತು ಹೇಳುವುದನ್ನು ಕಲಿತೆ. ಅಂಜಿಕೆಯೇನೂ ಹೋಗಲಿಲ್ಲ. ಈಗಲೂ ಮಗಳು ಹುನಗುಂದದಿಂದ ಬರುವ ಬಸ್ಸು ಹತ್ತು ನಿಮಿಷ ತಡವಾದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಅದನ್ನು ಯಾರ ಮುಂದೆ ಇಡಬೇಕೆಂಬುದು ಮಾತ್ರ ಗೊತ್ತಾಯಿತು.

ಕಳೆದ ವರ್ಷ ಆಯಿ ಹಾಸಿಗೆ ಹಿಡಿದಳು. ನೋಡಲು ಬಂದವರೆಲ್ಲ, "ಆಯಿಗೇನ್ರಿ ಚಿಂತಿ, ಗಟ್ಟಿ ವಿಶ್ವಾಸ" ಎನ್ನುತ್ತಿದ್ದರು. ಆಕೆ ಸುಮ್ಮನೆ ತಲೆಯಾಡಿಸುತ್ತಿದ್ದಳು. ಒಂದು ಮಧ್ಯಾಹ್ನ ಎಲ್ಲರೂ ಎದ್ದು ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು.

"ತಂಗೀ, ಸಾಯಾಕ ನನಗ ಭಾಳ ಅಂಜಿಕಿ ಆಗೇತಿ. ನಾಕು ದಿನ ಆತು, ಪ್ರಾರ್ಥನಿ ಬರವಲ್ದು. ನೀ ಮಾಡು."

ನನಗೆ ಪ್ರಾರ್ಥನೆ ಕಲಿಸಿದವಳಿಗೆ ನಾನೇನು ಧೈರ್ಯ ಹೇಳಲಿ? ಹೇಳಿದರೂ ಸುಳ್ಳಾಗುತ್ತಿತ್ತು. ಮಂಚದ ಪಕ್ಕ ನೆಲಕ್ಕೆ ಕೂತೆ.

"ಯಪ್ಪಾ ದೇವರ, ಆಯಿಗೆ ಸಾಯಾಕ ಅಂಜಿಕಿ ಆಗೇತಿ. ಆಕಿನ್ನ ಬಿಟ್ಟಿರಾಕ ನನಗ ಅಂಜಿಕಿ ಆಗೇತಿ. ನೀ ಇಲ್ಲೇ ಇರು" ಎಂದೆ.

ಆಯಿ "ಇನ್ನೊಮ್ಮೆ ಹೇಳು" ಅಂದಳು.

ಮತ್ತೆ ಹೇಳಿದೆ. ಮರುದಿನವೂ ಹೇಳಿದೆ. ಅದರ ಮರುದಿನ ಆಕೆಯ ಉಸಿರು ನಿಂತಾಗಲೂ ಅದನ್ನೇ ಹೇಳುತ್ತಿದ್ದೆ. ಆಕೆಯ ಅಂಜಿಕೆ ಹೋಯಿತೋ ಇಲ್ಲವೋ ನನಗೆ ತಿಳಿಯದು. ಆಕೆ ಒಬ್ಬಳೇ ಅಂಜಲಿಲ್ಲ, ಅಷ್ಟು ಗೊತ್ತು.