ಹತ್ತೊಂಬತ್ತನೇ ಮೆಟ್ಟಿಲು

ಇದನ್ನು ಹೇಳಬೇಕೆಂದು ಕೂತು ಎಷ್ಟು ಸಲ ಎದ್ದು ಹೋಗಿದ್ದೇನೋ ಲೆಕ್ಕವಿಲ್ಲ. ಒಂದು ದಿನ ಕನ್ನಡಕ ಸಿಗಲಿಲ್ಲ, ಇನ್ನೊಂದು ದಿನ ಪೆನ್ನು ಬರೆಯಲಿಲ್ಲ, ಎರಡೂ ಸರಿಯಿದ್ದ ದಿನ ನೆಂಟರು ಬಂದರು. ನಿಜ ಹೇಳುವುದನ್ನು ಮುಂದೂಡುವವನಿಗೆ ನೆಂಟರಷ್ಟು ಉಪಕಾರಿಗಳು ಬೇರೆ ಯಾರೂ ಇಲ್ಲ.

ಆ ನೆಂಟರಿಗೆಲ್ಲ ನಾನು ತಪ್ಪದೆ ಹೇಳುವ ಮಾತೊಂದಿತ್ತು: "ನೋಡ್ಕೊಂಡು ಬನ್ನಿ, ಕೊನೇ ಮೆಟ್ಟಿಲು." ಬಟವಾಡಿಯ ನಮ್ಮ ಮನೆಯ ಮೇಲೆ ಒಂದು ರೂಮು ಏರಿಸಿ, ಅಂಗಳದಿಂದ ಅಲ್ಲಿಗೆ ಮೆಟ್ಟಿಲು ಕಟ್ಟಿಸಿ ಹನ್ನೆರಡು ವರ್ಷವಾಯಿತು. ಕೊನೆಯದಕ್ಕೆ ಏನಾಗಿದೆ ಎಂದು ಕೇಳಿದವರಿಗೆ, "ಮೇಸ್ತ್ರಿ ಹಂಗೆ ಮಾಡ್ಬಿಟ್ಟ" ಎನ್ನುತ್ತಿದ್ದೆ.

ಮೇಸ್ತ್ರಿ ಅಮೃತೂರಿನವರು. ಜೇಬಿನಲ್ಲಿ ಟೇಪು ಇದ್ದರೂ ಅವರು ನಂಬುತ್ತಿದ್ದುದು ಆರೂವರೆ ಇಂಚಿಗೆ ಕುಯ್ದ ಒಂದು ಮರದ ಕಡ್ಡಿಯನ್ನು. ಪ್ರತಿ ಮೆಟ್ಟಿಲಿಗೂ ಅದನ್ನು ನಿಲ್ಲಿಸಿ ನೋಡುವರು. ಎಲ್ಲ ಮುಗಿದ ದಿನ ಎರಡೂ ಕೈಯಲ್ಲಿ ನೀರು ತುಂಬಿದ ಬಾಂಡ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು ಹತ್ತಿ ಇಳಿದರು. ಒಂದು ಹನಿ ಚೆಲ್ಲಲಿಲ್ಲ.

ನಾನೂ ಪರೀಕ್ಷೆ ಮಾಡಿದೆ, ನನಗೆ ಗೊತ್ತಿದ್ದ ರೀತಿಯಲ್ಲಿ. ನಮ್ಮ ಕಡೆ ಮೆಟ್ಟಿಲನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಲಾಭ, ನಷ್ಟ, ಲಾಭ, ನಷ್ಟ ಎನ್ನುತ್ತ ಹತ್ತುತ್ತೇವೆ. ಕೊನೆಯದು ಲಾಭಕ್ಕೆ ನಿಲ್ಲಬೇಕು. ನಮ್ಮದು ಹದಿನೆಂಟು. ನಷ್ಟಕ್ಕೆ ನಿಂತಿತು.

"ಇನ್ನೊಂದು ಹಾಕಿ, ಮೇಸ್ತ್ರಿ."

"ಎಲ್ಲಿಗ್ ಹಾಕ್ಲಿ ಸಾ? ಮಹಡಿ ಬಂದ್ಬುಡ್ತಲ್ಲ. ಮೊದ್ಲೇ ಹೇಳಿದ್ರೆ ಹತ್ತೊಂಬತ್ತಕ್ಕೆ ಹಂಚ್ತಿದ್ದೆ. ಈಗ ಎಲ್ಲಾ ಒಡೀಬೇಕು."

"ಒಡೆಯೋದ್ಯಾಕೆ? ಮೇಲ್ಗಡೆ ಒಂದ್ ಮೂರಿಂಚು ಏರಿಸ್ಬಿಡಿ."

"ಬ್ಯಾಡಿ ಸಾ. ನಾವ್ ಮರೆತ್ರೂ ಕಾಲು ಅಳತೆ ಇಟ್ಕೊಂಡಿರ್ತದೆ. ಅದಕ್ಕೆ ಮೋಸ ಮಾಡ್ಬಾರ್ದು."

"ಮನೆ ನಂದಾ, ನಿಮ್ದಾ?" ಎಂದೆ. ಅವರು ಸಿಮೆಂಟು ಕಲೆಸಿದರು.

ರೂಮಿನ ಪೂಜೆಯ ದಿನ ಗುಬ್ಬಿಯಿಂದ ಬಂದ ನಮ್ಮಕ್ಕ ಒಬ್ಬಟ್ಟಿನ ತಟ್ಟೆ ಹಿಡಿದು ಹತ್ತಿದಳು. ಹದಿನೆಂಟು ಮುಗಿದಾಗ ಅವಳ ಕಾಲು, ಸರಿ, ಮಹಡಿ ಬಂತು ಅಂದುಕೊಂಡಿತು. ಬೆರಳು ಆ ಮೂರಿಂಚಿಗೆ ತಗುಲಿ ಮುಂದಕ್ಕೆ ಬಿದ್ದಳು. ಮಣಿಕಟ್ಟು ಮುರಿಯಿತು. ಊಟಕ್ಕೆಂದು ಹೊಸ ಅಂಗಿ ತೊಟ್ಟು ಬಂದಿದ್ದ ಮೇಸ್ತ್ರಿಯೂ ಅಲ್ಲೇ ನಿಂತಿದ್ದರು. "ಏನ್ರೀ ನಿಮ್ ಕೆಲ್ಸ? ಮೆಟ್ಲು ಸಮವಾಗಿ ಕಟ್ಟಕ್ಕೂ ಬರಲ್ವಾ?" ಎಂದು ಎಲ್ಲರೆದುರು ಕೂಗಿದವನು ನಾನೇ. ಅವರು ಒಮ್ಮೆ ನನ್ನ ಮುಖ ನೋಡಿದರು. ಊಟ ಮಾಡದೆ ಹೋದರು. ಅಕ್ಕನ ಮನೆಯ ಕೆಲಸ ಅವರಿಗೇ ಎಂದು ಮಾತಾಗಿತ್ತು, ಅದು ತಪ್ಪಿತು. ನೆಂಟರಲ್ಲಿ ಇನ್ನಿಬ್ಬರು ಮನೆ ಕಟ್ಟಿಸುವವರಿದ್ದರು. ಅವರೂ ಬೇರೆಯವರನ್ನು ನೋಡಿಕೊಂಡರು.

ಎರಡು ವರ್ಷದ ಮೇಲೆ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನು ಪೇಪರಿನ ಹಿಂದೆ ಅಡಗುವಷ್ಟರಲ್ಲಿ ಅವರೇ ಹತ್ತಿರ ಬಂದು, "ಅಕ್ಕೋರ ಕೈ ವಾಸಿ ಆಯ್ತಾ ಸಾ?" ಎಂದರು. "ಹೂಂ" ಎಂದೆ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಬೇಕಾದಷ್ಟು ಹೊತ್ತಿತ್ತು.

ತಮಾಷೆಯೆಂದರೆ, ಅಲ್ಲಿಂದೀಚೆಗೆ ನಾನು ಮೆಟ್ಟಿಲಿನ ಪಂಡಿತನಾದೆ. ಛತ್ರಕ್ಕೆ ಹೋದರೆ ಹೆಣ್ಣುಗಂಡನ್ನು ನೋಡುವ ಮೊದಲು ಮೆಟ್ಟಿಲು ನೋಡುತ್ತೇನೆ. ದೇವರಾಯನದುರ್ಗದ ಕಲ್ಲು ಮೆಟ್ಟಿಲುಗಳಲ್ಲಿ ಒಂದು ಮೊಣಕಾಲುದ್ದ, ಇನ್ನೊಂದು ಗೇಣು. ಅಲ್ಲಿ ಜನ ಬೀಳುವುದು ಕಡಿಮೆ, ಏಕೆಂದರೆ ನೋಡಿ ನಡೆಯುತ್ತೇವೆ. ಬೀಳುವುದು ಮನೆಯಲ್ಲೇ, ನಂಬಿ ಕಾಲಿಟ್ಟ ಕಡೆ. ಯಾರೇ ಮನೆ ಏರಿಸಿದರೂ ನನ್ನನ್ನು ಕರೆಯುತ್ತಾರೆ. ಕಡ್ಡಿ ಇಟ್ಟು ಅಳೆಯುತ್ತೇನೆ, ಕಂಬಿ ಅಲ್ಲಾಡಿಸುತ್ತೇನೆ, ನೀರಿನ ಪಾತ್ರೆ ಹಿಡಿದು ಕಣ್ಣು ಮುಚ್ಚಿ ಹತ್ತುತ್ತೇನೆ. "ಎಲ್ಲಿ ಕಲಿತ್ರಿ?" ಎಂದರೆ ಸುಮ್ಮನೆ ನಗುತ್ತೇನೆ.

ಹೋದ ತಿಂಗಳು ಗುಬ್ಬಿಯಿಂದ ಅಕ್ಕ ಕರೆದಳು. ಮನೆ ಹಿಂದೆ ರೂಮು, ಅದರ ಮೇಲಕ್ಕೆ ಮೆಟ್ಟಿಲು. ನನ್ನ ಪಾತ್ರೆಯ ನೀರು ಚೆಲ್ಲಲಿಲ್ಲ. "ಚೆನ್ನಾಗಿದೆ" ಎಂದೆ.

"ಏನ್ ಚೆಂದ? ಹದಿನಾರು ಕಣ್ಲಾ! ನಷ್ಟಕ್ ನಿಂತೈತೆ. ಮೇಲೊಂದು ಸಣ್ಣದು ಹಾಕ್ಕೊಡಪ್ಪ ಅಂದ್ರೆ ಈ ಮೇಸ್ತ್ರಿ ಆಗಲ್ಲ ಅಂತಾನೆ. ನೀನಾದ್ರೂ ಹೇಳು."

ಆ ಮೇಸ್ತ್ರಿ, ಮೂವತ್ತು ದಾಟಿರದವನು, ಕರಣೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಹಿಂದೊಮ್ಮೆ ಆ ನೋಟವನ್ನು ನೋಡಿದ್ದೆ.

"ಅಕ್ಕ, ಅವರು ಹೇಳೋದೇ ಸರಿ," ಎಂದೆ. "ನೀನು ಬಿದ್ದ ಮೆಟ್ಟಿಲನ್ನ ಹಾಕ್ಸಿದ್ದು ನಾನು. ಮೇಸ್ತ್ರಿ ಬ್ಯಾಡ ಅಂದಿದ್ರು."

ಅಕ್ಕ ತನ್ನ ಸೊಟ್ಟ ಮಣಿಕಟ್ಟನ್ನು ನೋಡಿಕೊಂಡಳು. "ಅಯ್ಯೋ ನಿನ್ ಮನೆ ಕಾಯ್ವಾಗ! ಚಳಿಗಾಲ ಬಂದಾಗೆಲ್ಲ ಆ ಮನುಷ್ಯನಿಗೆ ಶಾಪ ಹಾಕಿದೀನಲ್ಲೋ. ಅದ್ನೆಲ್ಲ ಈಗ ಯಾರ್ ತಲೆ ಮೇಲ್ ಹಾಕ್ಲಿ?" ಆಮೇಲೆ, "ಹೋಗಿ ಒಂದ್ ಮಾತು ಹೇಳಿ ಬಾ, ಹೋಗು" ಎಂದಳು. ಮೆಟ್ಟಿಲು ಹದಿನಾರಕ್ಕೇ ಉಳಿಯಿತು.

ಅಮೃತೂರಿಗೆ ಹೋದೆ. ಮೇಸ್ತ್ರಿ ತೀರಿಕೊಂಡು ಎಂಟು ತಿಂಗಳಾಗಿತ್ತು.

ಆ ಮೂರಿಂಚನ್ನು ಒಡೆಸಲು ಈಗ ಆಳು ಗೊತ್ತು ಮಾಡಿದ್ದೇನೆ. ಇಷ್ಟು ವರ್ಷ ಒಡೆಸದಿದ್ದುದಕ್ಕೆ ಕಾರಣ ಲಾಭವೂ ಅಲ್ಲ, ನಷ್ಟವೂ ಅಲ್ಲ. ಒಡೆಸಿದರೆ ಹಾಕಿಸಿದವನು ಯಾರೆಂದು ಹೇಳಬೇಕಾಗಿತ್ತು. ಆಳು ಬರುವವರೆಗೆ, ಮನೆಗೆ ಬಂದವರಿಗೆ ಹೇಳುವ ಮಾತನ್ನು ಸ್ವಲ್ಪ ತಿದ್ದಿಕೊಂಡಿದ್ದೇನೆ:

"ನೋಡ್ಕೊಂಡು ಬನ್ನಿ, ಕೊನೇದು ನಾನು ಹಾಕ್ಸಿದ್ದು. ಕೆಳಗಿನ ಹದಿನೆಂಟನ್ನ ಕಣ್ಣು ಮುಚ್ಕೊಂಡು ಹತ್ತಿ. ಅವು ಅಮೃತೂರು ಗಂಗಹನುಮಯ್ಯನೋರು ಕಟ್ಟಿದ್ದು."