ರವಿವಾರದ ಸಿಕ್ಕು

ಹೆಲ್ಮೆಟ್ ಮಾಡುವವರು ಮನುಷ್ಯರ ತಲೆಯನ್ನು ಮಾತ್ರ ಅಳೆಯುತ್ತಾರೆ, ತಲೆಯ ಮೇಲೆ ಬೆಳೆದದ್ದನ್ನು ಅಳೆಯುವುದಿಲ್ಲ ಎಂಬ ಸಂಗತಿ ನನಗೆ ನಲವತ್ತು ದಾಟಿದ ಮೇಲೆ ತಿಳಿಯಿತು. ನನಗೆ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಸಪ್ತಾಪುರದ ಮನೆಯಿಂದ ದಿನಾ ಸ್ಕೂಟರ್ ಮೇಲೆ ಹೋಗಿ ಬರುತ್ತೇನೆ. ವರ್ಷಗಟ್ಟಲೆ ಹಿಗ್ಗಿ ನನ್ನ ತಲೆಗೆ ಒಗ್ಗಿಹೋಗಿದ್ದ ಹಳೆಯ ಹೆಲ್ಮೆಟ್ ಒಡೆಯಿತೆಂದು ಹೊಸದನ್ನು ಕೊಳ್ಳಲು ಹೋದರೆ, ಅಂಗಡಿಯವನು ಕೊಟ್ಟ ಒಂದೊಂದು ಸೈಜೂ ನನ್ನ ಗುಂಗುರು ಕೂದಲ ಮೇಲೆ ಮಗುಚಿಟ್ಟ ಬೋಗುಣಿಯಂತೆ ಕೂತಿತೇ ವಿನಾ ಕೆಳಗಿಳಿಯಲಿಲ್ಲ. ಕೊನೆಗೆ ಅವನು ಅಟ್ಟದಿಂದ ದೊಡ್ಡದೊಂದನ್ನು ಇಳಿಸಿದ. "ಇದನ್ನ ಪೈಲ್ವಾನ್ ಮಂದಿ ಒಯ್ತಾರ್ರಿ ಅಕ್ಕಾರ. ಹಾಕಿ ನೋಡ್ರಿ" ಎಂದ. ಹಾಕಿದೆ. ಸರಿಯಾಗಿ ಬಂತು. ಆ ದುಃಖದಲ್ಲೇ ಕೂದಲನ್ನು ಸ್ಟ್ರೇಟನಿಂಗ್ ಮಾಡಿಸಿಬಿಡಬೇಕೆಂದು ನಿಶ್ಚಯಿಸಿದೆ.

ನಮ್ಮ ಹಳೆಯ ಕಾವ್ಯಗಳು ನಾಯಕಿಯ ಕುರುಳನ್ನು ಕಂಡಲ್ಲೆಲ್ಲ ದುಂಬಿಗಳ ಸಾಲನ್ನು ಕರೆತರುತ್ತವೆ. ಆ ಕವಿಗಳಲ್ಲಿ ಒಬ್ಬರಾದರೂ ಅದನ್ನು ಬಾಚಿದ್ದರೇ ಎಂಬುದು ನನ್ನ ಸಂಶಯ. ಬಾಚಿದ್ದರೆ ದುಂಬಿಯನ್ನು ಬಿಟ್ಟು ಜಾಲಿಮುಳ್ಳಿನ ಬೇಲಿಗೆ ಹೋಲಿಸುತ್ತಿದ್ದರು. ಮಳೆಗಾಲದಲ್ಲಂತೂ ಇದು ಹಿಟ್ಟಿನಂತೆ ಉಬ್ಬುತ್ತದೆ. ಕಾಲೇಜಿನಲ್ಲಿ ನನ್ನ ಹಿಂದಿನ ಬೆಂಚಿನವರು ಪಾಸಾದದ್ದು ಬೋರ್ಡು ನೋಡಿ ಅಲ್ಲ, ಕೇಳಿಸಿಕೊಂಡು.

ನಾನು ಕೆಲಸ ಮಾಡುವುದು ಬಣ್ಣದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ. ಹಾಗಾಗಿ ಪಾರ್ಲರಿನ ಕ್ರೀಮು ಏನು ಮಾಡುತ್ತದೆಂದು ಯಾರೂ ನನಗೆ ವಿವರಿಸಬೇಕಿರಲಿಲ್ಲ. ಕೂದಲಿನೊಳಗೆ ಗಂಧಕದ ಸಣ್ಣ ಕೊಂಡಿಗಳಿವೆ. ಅದರ ಆಕಾರ ಅವುಗಳ ಹಿಡಿತದಲ್ಲಿರುತ್ತದೆ. ಮೊದಲು ಒಂದು ಕ್ರೀಮಿನಿಂದ ಆ ಕೊಂಡಿಗಳನ್ನು ಬಿಡಿಸುತ್ತಾರೆ, ಕೂದಲನ್ನು ಎಳೆದು ನೆಟ್ಟಗೆ ಮಾಡುತ್ತಾರೆ, ಆಮೇಲೆ ಇನ್ನೊಂದನ್ನು ಹಚ್ಚಿ ಹಾಗೆಯೇ ಇರು ಎಂದು ಕೊಂಡಿ ಹಾಕುತ್ತಾರೆ. ಮದುವೆಯಾದ ಹೆಣ್ಣುಮಕ್ಕಳಿಗೆ ಈ ಪ್ರಕ್ರಿಯೆ ಹೊಸದೇನಲ್ಲ. ಪ್ರಯೋಗಾಲಯದಲ್ಲಿ ಇಂಥ ವಸ್ತುವನ್ನು ನಾನು ಗ್ಲೌಸ್ ಇಲ್ಲದೆ ಮುಟ್ಟುವವಳಲ್ಲ. ತಲೆಗೆ ಹಚ್ಚಿಸಿಕೊಳ್ಳಲು ಮಾತ್ರ ಉತ್ಸಾಹದಿಂದ ಹೊರಟೆ.

ಮನೆಯಲ್ಲಿ ಕಾಲೇಜು ಮೇಷ್ಟ್ರಾದ ಗಂಡನನ್ನು ಕೇಳಿದೆ. "ನೀ ಹೆಂಗಿದ್ರೂ ಛಲೋನ ಕಾಣ್ತಿ ಬಿಡು" ಎಂದರು, ಪೇಪರಿನಿಂದ ತಲೆ ಎತ್ತದೆ. ನೋಡದೆಯೇ ಹೊಗಳುವ ಈ ವಿದ್ಯೆ ಗಂಡಸರಿಗೆ ಹೇಗೆ ಸಿದ್ಧಿಸುತ್ತದೋ!

ನಾನು ವಿರೋಧವನ್ನೇ ನಿರೀಕ್ಷಿಸದಿದ್ದದ್ದು ಅತ್ತೆಯಿಂದ. ಅವರು ಕನ್ನಡ ಶಾಲೆಯ ನಿವೃತ್ತ ಶಿಕ್ಷಕಿ. ಮದುವೆಯಾಗಿ ಬಂದ ದಿನದಿಂದ ನನ್ನ ಕೂದಲ ಮೇಲೆ ಅವರ ತಕರಾರು ನಡೆದೇ ಇದೆ. ಬಚ್ಚಲ ನೀರು ನಿಂತರೆ ನನ್ನ ಕೂದಲು, ಕಸಬರಿಗೆ ಸವೆದರೆ ನನ್ನ ಕೂದಲು. ಆದರೂ ಪ್ರತಿ ರವಿವಾರ ಮಧ್ಯಾಹ್ನ ಎಣ್ಣೆ ಬಟ್ಟಲು ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂತು, "ಬಾರವಾ, ಆ ಕಾಡು ಕಡಿಯೂಣು" ಎಂದು ಕರೆಯುತ್ತಾರೆ. ನಾನು ಕೆಳಗಿನ ಮೆಟ್ಟಿಲಲ್ಲಿ ಕೂರುತ್ತೇನೆ. ಸಿಕ್ಕು ಬಿಡಿಸುವಷ್ಟರಲ್ಲಿ ಬಿಸಿಲು ಗೋಡೆ ಹತ್ತಿರುತ್ತದೆ.

ಅಡುಗೆಮನೆಯಲ್ಲಿ ಎದುರುಬದುರು ನಿಂತರೆ ಸಾರಿನ ಉಪ್ಪಿಗೂ ಜಗಳವಾಡುವ ನಾವು ಅಲ್ಲಿ ಜಗಳವಾಡಿದ್ದಿಲ್ಲ. ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಕೂತು ಒಂದೇ ಕಡೆ ನೋಡುತ್ತಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ತಮಗೆ ಹಾಡು ಕಲಿಯುವ ಆಸೆಯಿತ್ತು ಎಂಬುದನ್ನು ಅವರು ಹೇಳಿದ್ದು ನನ್ನ ನೆತ್ತಿಗೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಡಾಕ್ಟರು ಆಪರೇಶನ್ ಹೇಳಿದ್ದಾರೆ, ಹೆದರಿ ಮಗನಿಗೆ ತಿಳಿಸಿಲ್ಲ ಎಂದು ಹೇಳಿದ್ದು ಬಲಕಿವಿಯ ಹಿಂದಿನ ಗಂಟಿಗೆ. "ಅವಗ ಹೇಳಬ್ಯಾಡ" ಎಂದು ಆ ಗಂಟನ್ನು ಸ್ವಲ್ಪ ಜೋರಾಗಿಯೇ ಎಳೆದಿದ್ದರು.

ಪಾರ್ಲರಿನ ಹುಡುಗಿ ಜಾಣೆ. "ಮೊದ್ಲು ಒಂದು ಎಳಿಗೆ ಹಚ್ಚಿ ನೋಡೂಣ್ರಿ ಮ್ಯಾಡಮ್. ತುರಿಕಿ ಪರಿಕಿ ಆಗ್ಲಿಲ್ಲಂದ್ರ ಮುಂದಿನ ಶನಿವಾರ ಪೂರ್ತಿ ಮಾಡ್ತೇನಿ" ಎಂದು ಎಡಕಿವಿಯ ಹಿಂದಿನ ಬೆರಳುದಪ್ಪದ ಒಂದು ಎಳೆಯನ್ನು ನೆಟ್ಟಗೆ ಮಾಡಿ ಕಳಿಸಿದಳು. ಅದು ರೇಶ್ಮೆಯಂತಿತ್ತು. ಸುಳ್ಳೇಕೆ ಹೇಳಲಿ, ಸ್ಕೂಟರಿನ ಕನ್ನಡಿಯಲ್ಲಿ ಅದನ್ನೇ ನೋಡುತ್ತ ಒಬ್ಬರ ಆಟೋಗೆ ಗುದ್ದುವವಳಿದ್ದೆ.

ಮರುದಿನ ರವಿವಾರ. ಅತ್ತೆಯ ಬಾಚಣಿಗೆ ಎಡಕಿವಿಯ ಹತ್ತಿರ ಬಂದದ್ದು, ತಡೆಯೇ ಇಲ್ಲದೆ ಸರ್ರನೆ ತುದಿಯವರೆಗೆ ಜಾರಿಹೋಯಿತು. ಅವರ ಕೈ ನಿಂತಿತು. ಇನ್ನೊಮ್ಮೆ ಬಾಚಿದರು. ಮತ್ತೆ ಜಾರಿತು.

"ಇದೇನ ಸುಧಾ?"

ಹೇಳಿದೆ.

"ಎಲ್ಲಾ ಹಿಂಗ ಆಕ್ಕತೇನು?"

"ಹೂಂನ್ರಿ ಅತ್ತಿ."

"ಛಲೋ ಆತು ಬಿಡು. ನನ್ನ ಕೈನೋವರ ತಪ್ತು" ಎಂದರು. ಎಂದಿಗಿಂತ ಬೇಗ ಜಡೆ ಹೆಣೆದು ಮುಗಿಸಿ, ಎಣ್ಣೆ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ವಾರವಿಡೀ ಅವರು ಬಹಳ ಮರ್ಯಾದೆಯಿಂದ ನಡೆದುಕೊಂಡರು. ಬಚ್ಚಲು ಕಟ್ಟಿಕೊಂಡರೂ ನನ್ನ ಕೂದಲ ಹೆಸರು ಎತ್ತಲಿಲ್ಲ. ನನಗೆ ನಿಜವಾಗಿ ಗಾಬರಿಯಾದದ್ದು ಆಗಲೇ. ಶುಕ್ರವಾರ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಲ್ಲಿ ನಿಂತು, ಗೋಡೆಯನ್ನು ನೋಡುತ್ತ ಕೇಳಿದರು: "ನೆಟ್ಟಗ ಮಾಡಿಸಿದಮ್ಯಾಲೂ ಎಣ್ಣಿ ಹಚ್ಚಬಹುದೇನ?"

"ಸ್ವಲ್ಪ ದಿನ ಬ್ಯಾಡ ಅಂದಾಳ್ರಿ. ಆಮ್ಯಾಲೆ ಹಚ್ಚಬಹುದು."

"ಹಚ್ಚಬಹುದು ಖರೇ. ಹಚ್ಚಿ ಬಾಚೂದು ಏನ ಉಳಿತೈತಿ?" ಎಂದು ಹೊರಟುಹೋದರು.

ಒಲೆಯ ಮೇಲಿನ ರೊಟ್ಟಿ ಕರಿಯಾಯಿತು. ಅದನ್ನು ಪಕ್ಕಕ್ಕಿಟ್ಟು ಪಾರ್ಲರಿಗೆ ಫೋನು ಮಾಡಿದೆ. ಅತ್ತೆಯ ಜೊತೆಗಿನ ರವಿವಾರ ತಪ್ಪುತ್ತದೆ ಎಂಬ ಕಾರಣಕ್ಕೆ ಸ್ಟ್ರೇಟನಿಂಗ್ ಬೇಡವೆನ್ನಲು ನಾಚಿಕೆ. ಸಬೂಬಿಗಾಗಿ ತಡಕಾಡಿ ಬಾಯಿಗೆ ಬಂದದ್ದನ್ನು ಹೇಳಿದೆ: "ಇಲ್ಲವಾ, ನಾಳೆ ಆಗೂದಿಲ್ಲ. ನಮ್ಮ ಅತ್ತಿಯವರ ಕಣ್ಣಿನ ಆಪರೇಶನ್ ಐತಿ."

ತಿರುಗಿ ನೋಡಿದರೆ ನೀರು ಕುಡಿಯಲು ಬಂದ ಗಂಡ ತಂಬಿಗೆ ಹಿಡಿದು ನಿಂತಿದ್ದರು. "ಯಾರ ಆಪರೇಶನ್ನ?"

ಆ ರಾತ್ರಿ ಊಟದಲ್ಲಿ ನಡೆದ ವಿಚಾರಣೆಯನ್ನು ವಿವರಿಸುವುದಿಲ್ಲ. "ಮನಿಯಾಗ ವೈರಿ ಸಾಕಿದೆ" ಎಂದು ಅತ್ತೆ ನನ್ನತ್ತ ನೋಡಿ ಹೇಳಿದರು. ಆದರೆ ಆಪರೇಶನ್ ಆಯಿತು, ಎರಡೂ ಕಣ್ಣಿಗೆ, ಒಂದಾದ ಮೇಲೆ ಒಂದರಂತೆ. ನನ್ನ ಕೈ ಹಿಡಿದೇ ಆಸ್ಪತ್ರೆಯೊಳಗೆ ಹೋದರು. ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ದಿಟ್ಟಿಸಿದರು. "ಅಯ್ಯ ಶಿವನ! ನಾ ಅಂದ್ಕೊಂಡಿದ್ದಕ್ಕಿಂತ ಭಾಳ ಖರಾಬ್ ಐತಲ್ಲವಾ ಇದು" ಎಂದರು. ದೃಷ್ಟಿ ಪೂರ್ತಿ ಬಂದಿದೆ ಎಂದು ಎಲ್ಲರಿಗೂ ಸಮಾಧಾನವಾಯಿತು.

ಮೊನ್ನೆ ಹುಬ್ಬಳ್ಳಿಯಿಂದ ನಾದಿನಿಯ ಮಗಳು ನೇಹಾ ಬಂದಿದ್ದಳು. ಅಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳದೂ ದಟ್ಟ ಗುಂಗುರು. ಕಟ್ಟೆಯ ಮೇಲೆ ನಮ್ಮ ಕಲಾಪ ನಡೆದಿದ್ದಾಗ ಬಂದು ಕೂತು, "ಆಯಿ, ನಾ ಸ್ಟ್ರೇಟನಿಂಗ್ ಮಾಡಿಸ್ಕೋಬೇಕಂತ ಮಾಡೇನಿ. ಮಾಡಿಸ್ಲ್ಯೋ ಬ್ಯಾಡೋ?" ಎಂದು ಅಜ್ಜಿಯನ್ನು ಕೇಳಿದಳು. ನಾನು ಗಂಧಕದ ಕೊಂಡಿಗಳ ವಿಷಯ ತೆಗೆಯಲು ಬಾಯಿ ತೆರೆದೆ. ಅತ್ತೆ ಬಾಚಣಿಗೆಯಿಂದ ನನ್ನ ತಲೆಯನ್ನು ಮುಂದಕ್ಕೆ ಒತ್ತಿ ಬಾಯಿ ಮುಚ್ಚಿಸಿದರು.

"ಹಾಸ್ಟೆಲಿನ್ಯಾಗ ನಿನ್ನ ತಲಿ ಯಾರು ಬಾಚ್ತಾರ?"

"ಯಾರ ಬಾಚ್ತಾರಾಯಿ, ನಾನ ಬಾಚ್ಕೋತೇನಿ."

"ಹಂಗಾರ ಮಾಡಿಸ್ಕೋ" ಎಂದರು ಅತ್ತೆ.