ಕಾಲುವೆ ದಂಡೆಯ ಏಕಾದಶಿ

ನನ್ನ ಮಾವನವರಿಗೆ ನನ್ನ ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಗೇರು, ದಪ್ಪ ಟೈರು ಎಲ್ಲ ಇದ್ದೂ ಅದಕ್ಕೆ ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ. "ಇದಕ್ಕ ಸೈಕಲ್ ಅಂತಾರೇನವಾ? ಅರ್ಧಾ ಸಾಮಾನು ಅಂಗಡ್ಯಾಗ ಬಿಟ್ಟು ಬಂದಿ ನೋಡು," ಎಂದು ಸಿಕ್ಕವರೆದುರೆಲ್ಲ ನಗುತ್ತಿದ್ದರು. ಅವರದು ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನ ಕಾಲದ ಕರಿ ಸೈಕಲ್ಲು. ರೈಲು ಹಳಿ ನೋಡಿಕೊಳ್ಳುವ ಕೆಲಸದಿಂದ ನಿವೃತ್ತರಾಗಿ ಹೈದರಾಬಾದಿನ ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ಅತ್ತೆಯವರು ದೇವರ ಪೆಟ್ಟಿಗೆ ತಂದರು, ಇವರು ಆ ಸೈಕಲ್ ತಂದರು.

ರಜೆ ಬಂದರೆ ಸಾಕು, ನಸುಕಿನಲ್ಲೇ ಇಬ್ಬರೂ ಹೊರಡುತ್ತಿದ್ದೆವು. ಪಟಾನ್‌ಚೆರು ಕಡೆಯ ಹೆದ್ದಾರಿ ಹಿಡಿದು ಸ್ವಲ್ಪ ಹೋಗಿ ಮಣ್ಣು ರಸ್ತೆಗೆ ಇಳಿದರೆ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಏರಿಯ ಮೇಲೇ ಹೋಗಬಹುದಿತ್ತು. ಕೆಂಪು ಗರಸು, ಅಲ್ಲಲ್ಲಿ ಯಾರೋ ಜಲ್ಲಿಕಲ್ಲಿನ ಖಡಿ ಸುರಿದು ಮರೆತುಬಿಟ್ಟ ಜಾಗಗಳು, ಬದಿಗೆ ಸೀತಾಫಲದ ಪೊದೆಗಳು. ತೂಬಿನ ಹತ್ತಿರ ಏರಿಯಿಂದ ಇಳಿದರೆ ಕಾಲುವೆಯ ದಂಡೆ, ಆಚೆ ಭತ್ತದ ಗದ್ದೆ. ಮಾವನವರು ಮುಂದೆ, ನಾನು ಹಿಂದೆ. ಗುಂಡಿ ಬಂದರೆ ಅವರು ಒಂದು ಸಲ ಗಂಟೆ ಬಾರಿಸುತ್ತಿದ್ದರು, ಎದುರಿಗೆ ದನವೋ ಮನುಷ್ಯರೋ ಬಂದರೆ ಎರಡು ಸಲ. ಅವರ ಗಾಲಿ ಹೋದ ಗೆರೆಯ ಮೇಲೆ ನನ್ನ ಗಾಲಿ ಇಟ್ಟರೆ ಖಡಿಯಲ್ಲೂ ಜಾರುತ್ತಿರಲಿಲ್ಲ. ನಾನು ಯಾರ ಮಾತನ್ನೂ ಸುಲಭಕ್ಕೆ ಕೇಳುವವಳಲ್ಲ, ಆದರೆ ಆ ಗಂಟೆಯ ಮಾತು ಕೇಳುತ್ತಿದ್ದೆ.

ಆ ಮನೆಗೆ ನಾನು ಸಲೀಸಾಗಿ ಸೊಸೆಯಾದವಳಲ್ಲ. ನಮ್ಮದು ರಾಯಚೂರು ಕಡೆಯಿಂದ ಬಂದ ವ್ಯಾಪಾರಸ್ಥರ ಮನೆ, ಅವರದು ಮಡಿ ಮೈಲಿಗೆಯ ಮನೆ. ಮಗ ನನ್ನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಾಗ ಮೊದಲು ಒಪ್ಪಿದವರು ಮಾವನವರು. ಅತ್ತೆಯವರು ನನ್ನ ಕೈಯಿಂದ ನೀರು ಇಸಿದುಕೊಳ್ಳಲಿಕ್ಕೆ ಭಾಳ ಕಾಲ ಬೇಕಾಯಿತು. ತಿಂಗಳಿಗೆ ಎರಡು ಏಕಾದಶಿಯನ್ನು ಗಂಡಹೆಂಡತಿ ತೊಟ್ಟು ನೀರೂ ಕುಡಿಯದೆ ಮಾಡುತ್ತಿದ್ದರು. ಮಾವನವರು ಮುಂಜಿಯಾದಾಗಿನಿಂದ ಒಂದನ್ನೂ ತಪ್ಪಿಸಿರಲಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಬೈದರು, ಮಗ ಬೈದ, ನಾನೂ ಬೈದೆ. ಆ ಒಂದು ವಿಷಯದಲ್ಲಿ ಆ ಒಳ್ಳೆಯ ಮನುಷ್ಯನಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಏಕಾದಶಿ ದಿನ ಅವರು ಮನೆ ಬಿಟ್ಟು ಕದಲುವುದಿಲ್ಲ ಎಂಬುದೊಂದೇ ನಮ್ಮ ಸಮಾಧಾನ.

ರಾಜ್ಯ ಒಡೆಯಬೇಕೋ ಬೇಡವೋ ಎಂಬ ಜಗಳದಲ್ಲಿ ಹೈದರಾಬಾದಿಗೆ ಮೇಲಿಂದ ಮೇಲೆ ಬಂದ್ ಬೀಳುತ್ತಿದ್ದ ಕಾಲ ಅದು. ಅಂಥದೊಂದು ದಿನ ನನ್ನ ಆಫೀಸು ಮುಚ್ಚಿತ್ತು, ಗಂಡ ಕೆಲಸದ ಮೇಲೆ ಪುಣೆಗೆ ಹೋಗಿದ್ದ. ಹೆದ್ದಾರಿಯಲ್ಲಿ ಲಾರಿ ಇಲ್ಲ, ಬಸ್ಸಿಲ್ಲ. ಅಷ್ಟು ಖಾಲಿ ರಸ್ತೆ ಕಂಡು ಮಾವನವರಿಗೆ ಆಸೆ ತಡೆಯಲಾಗಲಿಲ್ಲ ಎಂದು ಕಾಣುತ್ತದೆ. ನಾನು ಬಾಟಲಿಯಲ್ಲಿ ಕಿತ್ತಳೆ ಬಣ್ಣದ ಗ್ಲೂಕೋಸ್ ಕಲಸಿಕೊಂಡು ಹೊರಬಂದರೆ ಅವರು ಆಗಲೇ ಲಿಫ್ಟಿನ ಮುಂದೆ ಸೈಕಲ್ ಹಿಡಿದು ನಿಂತಿದ್ದರು. ಅತ್ತೆಯವರು ಸ್ನಾನಕ್ಕೆ ಹೋಗಿದ್ದರು. ಚಹಾ ಆಯಿತೇ ಎಂದು ಕೇಳಿದೆ. "ನಡಿ ನಡಿ, ಬಿಸಲಾಗೋದರಾಗ ಬರೋಣು," ಎಂದರು. ಕುಡಿದಿರಬೇಕು ಎಂದುಕೊಂಡೆ. ಅಂದು ಯಾವ ತಿಥಿ ಎಂಬುದು ನನ್ನ ತಲೆಗೇ ಬರಲಿಲ್ಲ.

ಎರಡನೆಯ ಕೆರೆಯ ಏರಿಯ ಮೇಲೆ ನನ್ನ ಸೈಕಲ್ ದೊಡ್ಡ ಗುಂಡಿಗೆ ಬಿತ್ತು. ಹಲ್ಲು ಕಟಕ್ಕೆಂದವು. ಗಂಟೆ ಬಾರಿಸಿರಲಿಲ್ಲ.

"ಮಾವಾರ, ಗಂಟಿ ಎಲ್ಲಿ ಹೋತ್ರಿ?" ಎಂದು ಕೂಗಿದೆ. ತಿರುಗಿ ನೋಡಲಿಲ್ಲ. ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ಸಿಟ್ಟಿನಿಂದ ಜೋರಾಗಿ ತುಳಿದೆ. ತೂಬಿನ ಹತ್ತಿರ ಇಳಿದು ಕಾಲುವೆ ದಂಡೆಗೆ ಬಂದಾಗ ಅವರ ಬೆನ್ನು ಕಣ್ಣಿಗೆ ಬಿತ್ತು. ತಣ್ಣನೆಯ ಗಾಳಿ ಬೀಸುತ್ತಿತ್ತು, ಅವರ ಬಿಳಿ ಅಂಗಿ ಮಾತ್ರ ತೊಯ್ದು ಬೆನ್ನಿಗೆ ಅಂಟಿತ್ತು. ಯಾವತ್ತೂ ಗಟ್ಟಿ ನೆಲ ಬಿಡದ ಅವರ ಗಾಲಿ ಸಡಿಲ ಖಡಿಗೆ ಹೋಯಿತು, ಹೊರಳಿತು, ಮತ್ತೆ ನೀರಿನ ಕಡೆಗೇ ಸರಿಯಿತು.

"ಮಾವಾರ! ಎಲ್ಲಿ ಹೊಂಟೀರಿ? ಆ ಕಡೆ ನೀರೈತಿ!"

ಅವರು ಇಳಿದು ನಿಂತರು. ಸೈಕಲ್ ಕೈಬಿಟ್ಟು ಬಿತ್ತು. ಒಂದು ಕಾಲು ದಂಡೆಯ ತುದಿಯಲ್ಲಿ, ಅದರ ಕೆಳಗೆ ತುಂಬಿ ಹರಿಯುವ ಕಾಲುವೆ. ನನ್ನ ಕಡೆ ತಿರುಗಿ ಕೈ ಎತ್ತಿ, "ಪಕ್ಕಕಿ ಜರಗಂಡಿ, ಬಂಡಿ ವಸ್ತುಂದಿ," ಎಂದರು. ಬದಿಗೆ ಸರಿಯಿರಿ, ರೈಲು ಬರುತ್ತಿದೆ ಎಂದು ತೆಲುಗಿನಲ್ಲಿ ಹೇಳಿದರು.

ಬೀದಿಗೆ ತೆಲುಗು, ಕಚೇರಿಗೆ ಹಿಂದಿ, ಮನೆಗೆ ಕನ್ನಡ. ಮದುವೆಯಾದಂದಿನಿಂದ ಅವರು ನನ್ನೊಡನೆ ಬೇರೆ ಭಾಷೆ ಆಡಿದವರೇ ಅಲ್ಲ. ಈಗ ಹಳಿಯ ಮೇಲಿನ ಕೂಲಿಯಾಳುಗಳಿಗೆ ಹೇಳುವಂತೆ ನನಗೆ ಹೇಳುತ್ತಿದ್ದರು. ನಾನು ಯಾರೆಂದು ಅವರಿಗೆ ತಿಳಿದಿರಲಿಲ್ಲ.

ರಟ್ಟೆ ಹಿಡಿದು ಎಳೆದು ದಂಡೆಯ ಮೇಲೆ ಕೂಡಿಸಿದೆ. ಮೈ ಬೆವರಿನಿಂದ ಜಾರುತ್ತಿತ್ತು. ಗಲ್ಲ ತಟ್ಟಿ, "ಗುಳಿಗಿ ತಗೊಂಡೀರೇನ್ರಿ?" ಎಂದು ಕೇಳಿದೆ.

ಒಂದು ಕ್ಷಣ ಕನ್ನಡಕ್ಕೆ ಮರಳಿದರು. "ತಗೊಂಡೀನಿ. ಗುಳಿಗಿ ಅಂದ್ರ ಊಟ ಅಲ್ಲಲಾ."

"ಊಟಾ ಯಾಕ ಮಾಡಿಲ್ಲ?"

"ಏಕಾದಶಿ," ಎಂದರು. ನಾಲಿಗೆ ತೊದಲಿತು.

ಆಗ ನನಗೆ ಎಲ್ಲ ತಿಳಿಯಿತು. ಹನಿ ನೀರು ಗಂಟಲಿಗಿಳಿದರೂ ವ್ರತ ಕೆಡುತ್ತದೆ ಎನ್ನುವ ಮನುಷ್ಯ, ಔಷಧವನ್ನು ಮಾತ್ರ ವ್ರತಭಂಗದ ಲೆಕ್ಕಕ್ಕೆ ಹಿಡಿಯದೆ, ಸಕ್ಕರೆ ಇಳಿಸುವ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಒಣಗಂಟಲಲ್ಲಿ ನುಂಗಿದ್ದರು. ಆಮೇಲೆ ಅಷ್ಟು ದೂರ ಪೆಡಲ್ ತುಳಿದಿದ್ದರು. ಹೀಗೆ ಬೆವರಿ ಬಡಬಡಿಸತೊಡಗಿದರೆ ಕೂಡಲೇ ಸಿಹಿ ಕೊಡಬೇಕು, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಕೂಡದು ಎಂದು ಡಾಕ್ಟರು ಹೇಳಿದ್ದರು. ಫೋನಿಗೆ ಸಿಗ್ನಲ್ ಇರಲಿಲ್ಲ. ಗದ್ದೆಯಲ್ಲಿ ಬೆಳ್ಳಕ್ಕಿಗಳ ಹೊರತು ಯಾರೂ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ದಾರಿಯುದ್ದಕ್ಕೂ ನಾನು ಕಚ್ಚಿ ಕುಡಿದ, ಅರ್ಧ ಉಳಿದ ಆ ಬಾಟಲಿ. ನನ್ನ ಎಂಜಲು.

"ಮಾವಾರ, ಇದನ್ನ ಕುಡೀರಿ. ದೇವರಾಣೆ, ಕುಡೀರಿ."

ತುಟಿಗೆ ತಾಗಿಸಿದ್ದೇ ತಡ, ಅವರು ಹಲ್ಲು ಬಿಗಿದರು. ನಾನು ಯಾರೆಂದು ಮರೆತಿದ್ದರೂ ವ್ರತ ಮರೆತಿರಲಿಲ್ಲ. ಕೈಯಿಂದ ಜಾಡಿಸಿ ಹೊಡೆದರು. ಬಾಟಲಿ ಖಡಿಯ ಮೇಲೆ ಉರುಳಿತು. ನಾನು ಹಾರಿ ಹಿಡಿಯುವಷ್ಟರಲ್ಲಿ ಬಹಳಷ್ಟು ಚೆಲ್ಲಿಹೋಗಿ, ತಳದಲ್ಲಿ ಸ್ವಲ್ಪ ಉಳಿದಿತ್ತು. ಅವರ ಕಣ್ಣು ಮೇಲಕ್ಕೆ ಹೋಗತೊಡಗಿದವು, ಬೆನ್ನು ನೆಲಕ್ಕೆ ಒರಗಿತು.

ಆಮೇಲೆ ನಾನು ಸೊಸೆಯಾಗಿ ಉಳಿಯಲಿಲ್ಲ. ಅವರ ಎದೆಯ ಮೇಲೆ ಮೊಳಕಾಲು ಊರಿ, ದವಡೆ ಒತ್ತಿ ಹಿಡಿದು, "ತೆಗಿ ಬಾಯಿ! ತೆಗೀತಿಯೋ ಇಲ್ಲೋ! ಸಾಯಬೇಕಂತ ಮಾಡೀಯೇನು?" ಎಂದು ಕಿರುಚಿದೆ. ಮಾವನಿಗೆ ಏಕವಚನ. ಬೆರಳನ್ನು ಗ್ಲೂಕೋಸಿನಲ್ಲಿ ಅದ್ದಿ ಕೆನ್ನೆಯ ಒಳಗೆ ತೂರಿಸಿ ಉಜ್ಜಿದೆ. ಕಚ್ಚಿದರು. ರಕ್ತ ಬಂತು. ನಾನು ಬೆರಳು ತೆಗೆಯಲಿಲ್ಲ. ಮತ್ತೆ ಅದ್ದಿದೆ, ಮತ್ತೆ ಉಜ್ಜಿದೆ. ಅವರ ಗಂಟಲು ಒಮ್ಮೆ ಮೇಲೆ ಕೆಳಗೆ ಆಯಿತು. ನುಂಗಿದರು. ಎಬ್ಬಿಸಿ ಕೂಡಿಸಿ, ಉಳಿದದ್ದನ್ನು ಹನಿ ಹನಿಯಾಗಿ ತುಟಿಯ ನಡುವೆ ಬಿಟ್ಟೆ. ಪ್ರತಿ ಗುಟುಕಿಗೂ ಗಂಟಲನ್ನೇ ನೋಡುತ್ತಿದ್ದೆ.

ಬಾಟಲಿ ಖಾಲಿಯಾಯಿತು. ಇನ್ನು ಕೊಡಲಿಕ್ಕೆ ಏನೂ ಇರಲಿಲ್ಲ. ಅವರ ತಲೆಯನ್ನು ಹೆಗಲಿಗೆ ಆನಿಸಿಕೊಂಡು ಕೂತೆ. ಈ ಮನುಷ್ಯ ಇಲ್ಲೇ ಹೋದರೆ ಅತ್ತೆಯವರ ಮುಂದೆ ಹೇಗೆ ನಿಲ್ಲಲಿ, ಗಂಡನಿಗೆ ಯಾವ ಬಾಯಲ್ಲಿ ಹೇಳಲಿ ಎಂದುಕೊಳ್ಳುತ್ತ ಅವರ ಉಸಿರು ಎಣಿಸುತ್ತಿದ್ದೆ. ಬಿಸಿಲು ನಮ್ಮ ಕಾಲಿಗೆ ಬಂತು.

ಆಮೇಲೆ ಯಾವಾಗಲೋ, "ಯಾಕವಾ, ಬಿದ್ದೆನೇನು?" ಎಂಬ ಮಾತು ಕೇಳಿಸಿತು. ಕನ್ನಡ. ನನ್ನನ್ನೇ ಕೇಳುತ್ತಿದ್ದರು.

ತುಟಿ ಸವರಿಕೊಂಡರು. ಬೆರಳಿಗೆ ಅಂಟು ಹತ್ತಿತು. ಅಂಗಿಯ ಮೇಲಿನ ಕಿತ್ತಳೆ ಕಲೆ ನೋಡಿದರು, ಖಾಲಿ ಬಾಟಲಿ ನೋಡಿದರು. "ಏನ ಹಾಕಿದಿ ನನ್ನ ಬಾಯಾಗ?"

ಸುಳ್ಳು ಹೇಳಬಹುದಿತ್ತು. "ಗ್ಲೂಕೋಸ್ ನೀರ್ರಿ. ನಾ ಕುಡಿದು ಬಿಟ್ಟಿದ್ದು. ನೀವು ಒಲ್ಲೆ ಅಂದ್ರಿ, ಜುಲುಮಿಲೆ ಹಾಕಿದೆ," ಎಂದೆ.

ಅವರ ಮುಖ ಕಪ್ಪಿಟ್ಟಿತು. ಬೈದಿದ್ದರೆ ಸಹಿಸುತ್ತಿದ್ದೆ, ಬೈಯಲಿಲ್ಲ. ಎದ್ದು ಕಾಲುವೆಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತರು. ಆ ನಿಂತ ಹೊತ್ತು ನನಗೆ ಮೊದಲಿನದಕ್ಕಿಂತ ಹೆಚ್ಚು ಭಯವಾಯಿತು. ಹತ್ತಿರದ ಹಳ್ಳಿಗೆ ನಡೆಸಿಕೊಂಡು ಹೋಗಿ, ಕದ ಹಾಕಿದ ಅಂಗಡಿಯೊಂದನ್ನು ಬಡಿದು ಬಿಸ್ಕತ್ತು ತಂದುಕೊಟ್ಟೆ. ತಿಂದರು. ಊರ ದಾರಿಯನ್ನು ಅರ್ಧ ನಡೆದು, ಅರ್ಧ ತುಳಿದು ಬಂದೆವು. ಆವತ್ತು ನಾನು ಮುಂದೆ, ಅವರು ಹಿಂದೆ. ಕ್ಷಣಕ್ಕೊಮ್ಮೆ ತಿರುಗಿ ನೋಡುತ್ತಿದ್ದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಒಂದೇ ಹೊತ್ತಿನಲ್ಲಿ ಅವರ ಜೀವ ಉಳಿಸಿ, ಅವರನ್ನೇ ಕಳೆದುಕೊಂಡೆನೇನೋ ಎನಿಸಿತು.

ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು. ಅಂಗಿಯ ಕಲೆ ಅವರ ಕಣ್ಣಿಗೆ ಮೊದಲು ಬಿತ್ತು. "ಏನಿದು? ಇವತ್ತೇನಾದರೂ ಬಾಯಾಗ ಹಾಕ್ಕೊಂಡ್ರೇನು?" ಎಂದು ಕೇಳಿ, ಉತ್ತರ ಬರುವ ಮುಂಚೆಯೇ ನನ್ನ ಕಡೆ ತಿರುಗಿದರು. "ಯಾರು ಕೊಟ್ರು?"

ನಾನು ಬಾಯಿ ತೆರೆದೆ. ಮಾವನವರು ನನ್ನ ಮುಂದೆ ಬಂದು ನಿಂತರು.

"ಯಾರು ಕೊಡ್ತಾರ? ಅಕಿ ಬ್ಯಾಡಂದ್ಲು, ಏಕಾದಶಿ ಅದ ಅಂದ್ಲು. ನಾನ ಕೇಳಲಿಲ್ಲ. ಹಸಿವಿ ತಡಕೊಳ್ಳಲಿಕ್ಕೆ ಆಗಲಿಲ್ಲ, ಕಸಗೊಂಡು ಕುಡದೆ," ಎಂದರು.

ಅತ್ತೆಯವರು ಗಂಡನನ್ನು ಮೇಲಿಂದ ಕೆಳಗೆ ನೋಡಿದರು. ಒಳಗೆ ಹೋಗಿ, ಏಕಾದಶಿಯ ದಿನ ಎಂದೂ ಹಚ್ಚದ ಒಲೆ ಹಚ್ಚಿ ಅನ್ನಕ್ಕೆ ಇಟ್ಟರು. ಮಾವನವರು ತಾಟಿನ ಮುಂದೆ ತಲೆ ತಗ್ಗಿಸಿ ಕೂತು, ಉಪವಾಸದ ಹೆಂಡತಿಯ ಕೈಯಿಂದ ಬಡಿಸಿಕೊಂಡು, ಹೊಟ್ಟೆಬಾಕನೆಂಬ ಹೆಸರು ಹೊತ್ತು ಉಂಡರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಕಚ್ಚಿದ ಬೆರಳನ್ನು ನೀರಿಗೆ ಹಿಡಿದು ಬಿಕ್ಕಿ ಬಿಕ್ಕಿ ಅತ್ತೆ.